ಗುರುದ್ವಾರದ ಹಣ ಪಂಜಾಬಿನ ಶಾಲೆಗೆ ಕಳಿಸುವುದು ಹೇಗೆ? ಜೊತೆಗೆ ಪಂಜಾಬಿ ತರಗತಿ, ಬೀದಿ ಲಂಗರ್ ಬಗ್ಗೆ ಎರಡು ಪ್ರಶ್ನೆ

ಕಿರ್ದಿಪುಸ್ತಕ ಕೇಳಿದ್ದು:

ಇಂಗ್ಲೆಂಡಿನ ಒಂದು ಗುರುದ್ವಾರದ ಲೆಕ್ಕಪತ್ರ ನೋಡಿಕೊಡುತ್ತಿದ್ದೇನೆ. ನೋಂದಾಯಿತ ಚಾರಿಟಿ, ಟ್ರಸ್ಟ್ ಡೀಡ್ ಹಳೆಯದು. ಸಮಿತಿ ಈಗ ಮೂರು ಕೆಲಸ ಕೈಗೆತ್ತಿಕೊಂಡಿದೆ.

ಪಂಜಾಬಿನ ದೋಆಬಾ ಭಾಗದ ಹಳ್ಳಿಯೊಂದರ ಹೆಣ್ಣುಮಕ್ಕಳ ಶಾಲೆಗೆ ಕೊಠಡಿ ಕಟ್ಟಿಸಲು ಸಂಗತ್‌ನಿಂದ, ಅಂದರೆ ಗುರುದ್ವಾರಕ್ಕೆ ಬರುವ ಭಕ್ತಸಮೂಹದಿಂದ, 40,000 ಪೌಂಡ್ ಸೇರಿದೆ. ಶಾಲೆ ನಡೆಸುವ ಸೊಸೈಟಿಗೆ ವಿದೇಶದ ಹಣ ಪಡೆಯುವ ಖಾತೆ ಇದ್ದಂತಿಲ್ಲ. "ಸಮಿತಿಯವರೊಬ್ಬರ ತಮ್ಮ ಊರಲ್ಲೇ ಇದ್ದಾನೆ, ಅವನ ಖಾತೆಗೆ ಹಾಕಿದರೆ ಅವನು ಕೊಡುತ್ತಾನೆ" ಎನ್ನುತ್ತಿದ್ದಾರೆ. ಇದು ನಡೆಯುತ್ತದೆಯೇ? ದಾನಿಗಳಲ್ಲಿ ಕೆಲವರು ಭಾರತದ ಪಾಸ್‌ಪೋರ್ಟ್‌ನವರು, ಹೆಚ್ಚಿನವರು ಬ್ರಿಟಿಷ್ ಪ್ರಜೆಗಳು. ಅದರಿಂದ ವ್ಯತ್ಯಾಸ ಆಗುತ್ತದೆಯೇ?

ಈ 40,000ಕ್ಕೂ ಗೋಲಕದ (ಕಾಣಿಕೆ ಪೆಟ್ಟಿಗೆಯ) ಚಿಲ್ಲರೆಗೂ ಗಿಫ್ಟ್ ಏಡ್, ಅಂದರೆ ದಾನಿ ಕಟ್ಟಿದ ತೆರಿಗೆಯಿಂದ ಬ್ರಿಟನ್ ಸರ್ಕಾರ ಚಾರಿಟಿಗೆ ಸೇರಿಸಿ ಕೊಡುವ ಹಣ, ಎಷ್ಟು ಸಿಗಬಹುದು?

ಶನಿವಾರದ ಪಂಜಾಬಿ ತರಗತಿಯ ಮಕ್ಕಳನ್ನು ಜಿಸಿಎಸ್‌ಇಗೆ (ನಮ್ಮ ಎಸ್‌ಎಸ್‌ಎಲ್‌ಸಿಯಂಥ ಅಲ್ಲಿಯ ಪರೀಕ್ಷೆಗೆ) ಕೂರಿಸುವುದು, ವಾರಕ್ಕೊಂದು ಸಂಜೆ ವ್ಯಾನಿನಿಂದ ನೂರು ಜನಕ್ಕೆ ಲಂಗರ್, ಅಂದರೆ ಗುರುದ್ವಾರದ ಉಚಿತ ಊಟ, ಹಂಚುವುದು, ಇವೆರಡೂ ಪಟ್ಟಿಯಲ್ಲಿವೆ. ಗೊತ್ತಿದ್ದವರು ತಿಳಿಸಿ.

---

ಗಡಿಯಾಚೆ ಉತ್ತರಿಸಿದ್ದು:

ಆ ತಮ್ಮನ ಖಾತೆಯ ಮಾತು ಇವತ್ತೇ ನಿಲ್ಲಿಸಿ. ದುಡ್ಡು ಒಂದು ಸಲ ಹೋದರೆ ಎರಡೂ ದೇಶಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಭಾರತದ ಕಡೆ ಇರುವುದು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಎಲ್ಲರ ಬಾಯಲ್ಲಿ ಎಫ್‌ಸಿಆರ್‌ಎ. ವಿದೇಶಿ ಮೂಲದ ಹಣ ನೇರವಾಗಿ ಬಂದರೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಬಂದರೂ ಅದು ವಿದೇಶಿ ದೇಣಿಗೆಯೇ ಎಂದು ವ್ಯಾಖ್ಯಾನದಲ್ಲೇ ಬರೆದಿದ್ದಾರೆ. ಹಾಗಾಗಿ ತಮ್ಮನ ಉಳಿತಾಯ ಖಾತೆ ದಾಟಿದ ಮಾತ್ರಕ್ಕೆ ಆ ಹಣ ದೇಶೀ ಆಗುವುದಿಲ್ಲ. ಅದರ ಮೇಲೆ ಬಂದ ಬಡ್ಡಿಯೂ ವಿದೇಶಿ ದೇಣಿಗೆಯ ಲೆಕ್ಕಕ್ಕೇ ಸೇರುತ್ತದೆ. ಬ್ರಿಟನ್ ಕಡೆಯ ತೊಂದರೆ ಬೇರೆ. ಹೊರದೇಶಕ್ಕೆ ಕೊಟ್ಟ ಹಣ ಚಾರಿಟಿ ಕೆಲಸಕ್ಕೇ ಖರ್ಚಾಯಿತು ಎಂದು ಖಚಿತಪಡಿಸಿಕೊಳ್ಳಲು ಟ್ರಸ್ಟಿಗಳು ತಕ್ಕ ಕ್ರಮ ತೆಗೆದುಕೊಂಡಿದ್ದಕ್ಕೆ ದಾಖಲೆ ಬೇಕು. ಇಲ್ಲದಿದ್ದರೆ ತೆರಿಗೆ ಇಲಾಖೆ ಅದನ್ನು ಚಾರಿಟಿಯೇತರ ವೆಚ್ಚವೆಂದು ಎಣಿಸಿ ಅಷ್ಟು ಮೊತ್ತದ ತೆರಿಗೆ ವಿನಾಯಿತಿ ಕಿತ್ತುಕೊಳ್ಳಬಹುದು.

ಪಾಸ್‌ಪೋರ್ಟ್ ವಿಚಾರ. ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಅಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಪಡೆದವರು ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಕಾರ್ಡ್) ಇಟ್ಟುಕೊಂಡಿದ್ದರೂ ವಿದೇಶಿ ಮೂಲವೇ. ಇಲ್ಲಿ ಬಹಳ ಜನ ಎಡವುತ್ತಾರೆ. ಒಸಿಐ ಕಾರ್ಡ್ ಇದ್ದರೆ ಅರ್ಧ ಭಾರತೀಯರಂತೆ ಎಂದು ಮನಸ್ಸು ಹೇಳುತ್ತದೆ, ಕಾಯ್ದೆ ಹಾಗೆ ಹೇಳುವುದಿಲ್ಲ. ಇನ್ನು ಗುರುದ್ವಾರವೇ ಕಳಿಸಿದರೆ ದಾನಿಗಳು ಯಾರೇ ಆಗಿರಲಿ, ಕಳಿಸುವ ಸಂಸ್ಥೆ ಬ್ರಿಟನ್ನಿನದು, ಹಾಗಾಗಿ ಇಡೀ ಮೊತ್ತ ವಿದೇಶಿ ದೇಣಿಗೆ.

ಒಂದು ಸೂಕ್ಷ್ಮ: ಭಾರತೀಯ ಪಾಸ್‌ಪೋರ್ಟ್‌ನವರು ಗುರುದ್ವಾರವನ್ನು ಬಿಟ್ಟು ತಮ್ಮ ಖಾತೆಯಿಂದ ಸೀದಾ ಶಾಲಾ ಸೊಸೈಟಿಗೆ ಕಳಿಸಬಹುದು. ಆಗ ಎಫ್‌ಸಿಆರ್‌ಎ ತಂಟೆ ಇಲ್ಲ. ಆದರೆ ಬ್ರಿಟನ್ನಿನ ಚಾರಿಟಿಗೆ ಕೊಟ್ಟಂತಾಗದ್ದರಿಂದ ಗಿಫ್ಟ್ ಏಡ್ ಕೈತಪ್ಪುತ್ತದೆ. ಆಗಲೇ ಗುರುದ್ವಾರಕ್ಕೆ ಕೊಟ್ಟ ಹಣವನ್ನು ಅವರಿಗೆ ವಾಪಸ್ ಮಾಡಿ ಈ ದಾರಿ ಹಿಡಿಸುವ ಯೋಚನೆ ಬೇಡ, ಲೆಕ್ಕ ಗೋಜಲಾಗುತ್ತದೆ.

ಸರಿಯಾದ ದಾರಿ ಇದು. ಪಡೆಯುವ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇದೆಯೇ ಎಂದು ಭಾರತದ ಗೃಹ ಸಚಿವಾಲಯದ ಎಫ್‌ಸಿಆರ್‌ಎ ಜಾಲತಾಣದಲ್ಲಿ ರಾಜ್ಯ, ಜಿಲ್ಲೆವಾರು ಪಟ್ಟಿ ತೆಗೆದು ನೋಡಿ. ನೋಂದಣಿಗೆ 5 ವರ್ಷದ ಆಯುಸ್ಸು. ಪ್ರಮಾಣಪತ್ರದ ಫೋಟೊ ವಾಟ್ಸಾಪಿನಲ್ಲಿ ಬಂದರೆ ಸಾಲದು, ಅವಧಿ ಮುಗಿದಿರಬಹುದು. 2020ರ ತಿದ್ದುಪಡಿಯ ನಂತರ ಹಣ ಮೊದಲು ಬಂದು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಆ ಸಂಸ್ಥೆ ತೆರೆದ ಖಾತೆಗೆ ಮಾತ್ರ. ಜಲಂಧರದ ಯಾವುದೋ ಶಾಖೆಯ ಖಾತೆ ಸಂಖ್ಯೆ ಕೊಟ್ಟು "ಇದೇ ಎಫ್‌ಸಿಆರ್‌ಎ ಖಾತೆ" ಎಂದರೆ ನಂಬಬೇಡಿ. ದೆಹಲಿಗೆ ಬಂದ ಮೇಲೆ ಅವರು ತಮ್ಮದೇ ಇನ್ನೊಂದು ಎಫ್‌ಸಿಆರ್‌ಎ ಖಾತೆಗೆ ಸಾಗಿಸಿಕೊಳ್ಳಬಹುದು. ದೇಶೀ ದೇಣಿಗೆಯನ್ನು ಆ ಖಾತೆಗಳಿಗೆ ಬೆರೆಸುವಂತಿಲ್ಲ.

ಅದೇ ತಿದ್ದುಪಡಿಯಲ್ಲಿ ಬಂದ ದೊಡ್ಡ ಬದಲಾವಣೆಯೊಂದಿದೆ. ಮುಂಚೆ ನೋಂದಣಿ ಇದ್ದ ದೊಡ್ಡ ಟ್ರಸ್ಟ್ ಹಣ ಪಡೆದು ನೋಂದಣಿ ಇದ್ದ ಚಿಕ್ಕ ಸಂಸ್ಥೆಗೆ ಹಂಚಬಹುದಿತ್ತು. ಈಗ ವಿದೇಶಿ ದೇಣಿಗೆಯನ್ನು ಬೇರೆ ಯಾರಿಗೂ ವರ್ಗಾಯಿಸುವಂತಿಲ್ಲ, ಆ ಕಡೆಯವರಿಗೂ ನೋಂದಣಿ ಇದ್ದರೂ ಇಲ್ಲ. ಹಾಗಾಗಿ "ಅಮೃತಸರದ ಟ್ರಸ್ಟಿಗೆ ಕಳಿಸಿ, ಅವರು ಹಳ್ಳಿ ಶಾಲೆಗೆ ಕೊಡಲಿ" ಎಂಬ ಹಳೇ ಪದ್ಧತಿ ಮುಗಿಯಿತು. ಪಡೆದವರೇ ಖರ್ಚು ಮಾಡಬೇಕು.

---

ತಕ್ಕಡಿ ಉತ್ತರಿಸಿದ್ದು:

ಲೆಕ್ಕದ ಕಡೆಯಿಂದ ನನ್ನ ಪಾಲು.

ಎಲ್ಲಕ್ಕಿಂತ ಮೊದಲು ಟ್ರಸ್ಟ್ ಡೀಡ್ ತೆಗೆದು ಉದ್ದೇಶಗಳ ಕಲಂ ಓದಿ. ಹಳೆಯ ಗುರುದ್ವಾರಗಳ ಡೀಡಿನಲ್ಲಿ "ಇಂಥ ಪಟ್ಟಣದಲ್ಲಿ ಸಿಖ್ ಧರ್ಮದ ಪ್ರಸಾರ" ಎಂದಷ್ಟೇ ಇರುವುದುಂಟು. ಹಾಗಿದ್ದರೆ ಪಂಜಾಬಿನಲ್ಲಿ ಶಾಲಾ ಕೊಠಡಿ ಕಟ್ಟುವುದು ಉದ್ದೇಶದಿಂದ ಹೊರಗೆ. ಎಷ್ಟೇ ಒಳ್ಳೆಯ ಕೆಲಸವಾದರೂ ಟ್ರಸ್ಟಿಗಳು ವಿಶ್ವಾಸಭಂಗ ಮಾಡಿದಂತೆ. ಮೊದಲು ಡೀಡ್ ತಿದ್ದಿಸಿ, ಆಮೇಲೆ ಹಣ ಕಳಿಸಿ.

ಈ 40,000 ಪೌಂಡ್ ನಿರ್ಬಂಧಿತ ನಿಧಿ. ಶಾಲೆಗೆಂದು ಕೇಳಿ ಪಡೆದದ್ದನ್ನು ಗುರುದ್ವಾರದ ಸೋರುವ ಮಾಡಿಗೆ ಬಳಸುವಂತಿಲ್ಲ, ತಾತ್ಕಾಲಿಕ ಸಾಲವಾಗಿಯೂ ಬೇಡ. ಮನವಿಪತ್ರದಲ್ಲಿ "ಹಣ ಮಿಕ್ಕರೆ ಅಥವಾ ಯೋಜನೆ ನಡೆಯದಿದ್ದರೆ ಪಂಜಾಬಿನ ಇತರ ಶಿಕ್ಷಣ ಕೆಲಸಕ್ಕೆ ಬಳಸುತ್ತೇವೆ" ಎಂಬ ಒಂದು ಸಾಲು ಇತ್ತೇ ನೋಡಿ. ಇಲ್ಲದಿದ್ದರೆ ಮುಂದಿನ ಮನವಿಗಾದರೂ ಸೇರಿಸಿ.

ಗಿಫ್ಟ್ ಏಡ್ ಎಂದರೆ 1 ಪೌಂಡಿಗೆ 25 ಪೆನ್ಸ್. ಉದಾಹರಣೆಗೆ 40,000ದಲ್ಲಿ 30,000ಕ್ಕೆ ಸರಿಯಾದ ಘೋಷಣಾ ಪತ್ರ ಇದ್ದರೆ 7,500 ಪೌಂಡ್ ಬರುತ್ತದೆ. ದಾನಿಯ ಹೆಸರು, ಮನೆ ವಿಳಾಸ ಮತ್ತು ತಾನು ಅಷ್ಟು ತೆರಿಗೆ ಕಟ್ಟುವವನೆಂಬ ಒಪ್ಪಿಗೆ ಪತ್ರದಲ್ಲಿರಬೇಕು. ಮನವಿಯಲ್ಲಿ ಬೇರೆ ಮಾತು ಹೇಳಿಲ್ಲವಾದರೆ ಆ 7,500 ಕೂಡ ಶಾಲೆಯ ನಿಧಿಗೇ ಸೇರುತ್ತದೆ. ಸಮಿತಿಯವರು ಅದನ್ನು ಸಾಮಾನ್ಯ ಖರ್ಚಿಗೆ ಎಳೆದುಕೊಳ್ಳಲು ನೋಡುತ್ತಾರೆ, ಬಿಡಬೇಡಿ.

ಎಲ್ಲಿ ತಪ್ಪುತ್ತದೆ? ನಿವೃತ್ತರಾದ ಅಜ್ಜ ಅಜ್ಜಿಯರು ಪ್ರೀತಿಯಿಂದ ಪತ್ರಕ್ಕೆ ಸಹಿ ಹಾಕಿರುತ್ತಾರೆ, ಆದಾಯ ತೆರಿಗೆ ಕಟ್ಟುತ್ತಿರುವುದಿಲ್ಲ. ಆಗ ವ್ಯತ್ಯಾಸದ ಹಣ ಅವರೇ ಸರ್ಕಾರಕ್ಕೆ ತುಂಬಬೇಕಾಗುತ್ತದೆ. ಟ್ಯಾಕ್ಸಿ ಕಂಪನಿಯೋ ಅಂಗಡಿಯೋ ಲಿಮಿಟೆಡ್ ಕಂಪನಿ ಖಾತೆಯಿಂದ ಕೊಟ್ಟದ್ದಕ್ಕೆ ಗಿಫ್ಟ್ ಏಡ್ ಇಲ್ಲ. ಒಬ್ಬರು ಹತ್ತು ಮನೆಯಿಂದ ಕೂಡಿಸಿ ತಂದ ಹಣವನ್ನು ಆ ಒಬ್ಬರ ಹೆಸರಿಗೆ ಹಾಕುವಂತಿಲ್ಲ. ಮದುವೆಗೆ ಹಾಲ್ ಬಾಡಿಗೆ, ಪಂಜಾಬಿ ತರಗತಿಯ ಶುಲ್ಕ ಇವು ದಾನವಲ್ಲ, ಹೆಸರು ಬದಲಿಸಿ ರಸೀದಿ ಬರೆದರೂ ಅಲ್ಲ.

ಗೋಲಕಕ್ಕೆ ಬೀಳುವ ಹಣದ ದಾನಿ ಯಾರೆಂದು ಗೊತ್ತಿರುವುದಿಲ್ಲ, ಅದಕ್ಕೆ ಸಣ್ಣ ದೇಣಿಗೆ ಯೋಜನೆ ಬೇರೆ ಇದೆ. ತಲಾ 30 ಪೌಂಡ್ ಮೀರದ ನಗದು ಅಥವಾ ಕಾರ್ಡ್ ಮುಟ್ಟಿಸಿ ಕೊಟ್ಟ ದೇಣಿಗೆ, ತೆರಿಗೆ ವರ್ಷಕ್ಕೆ 8,000 ಪೌಂಡ್‌ವರೆಗೆ, ಅಂದರೆ ಗರಿಷ್ಠ 2,000 ಪೌಂಡ್ ಸಿಗುತ್ತದೆ. ಚೆಕ್ಕು, ಆನ್‌ಲೈನ್ ವರ್ಗಾವಣೆ ಇದಕ್ಕೆ ಬರುವುದಿಲ್ಲ. ಅದೇ ವರ್ಷ ಗಿಫ್ಟ್ ಏಡ್ ಪಡೆದ ದೇಣಿಗೆಯ 10 ಪಟ್ಟು ಮೀರಿ ಕೇಳುವಂತಿಲ್ಲ, 8,000ಕ್ಕೆ ಕೇಳಬೇಕಾದರೆ ಕನಿಷ್ಠ 800 ಪೌಂಡಿಗೆ ಮಾಮೂಲಿ ಗಿಫ್ಟ್ ಏಡ್ ಇರಬೇಕು. ಸಣ್ಣ ದೇಣಿಗೆಗೆ ಅರ್ಜಿ ಹಾಕಲು ಆ ತೆರಿಗೆ ವರ್ಷ ಮುಗಿದು 2 ವರ್ಷ ಅವಕಾಶ, ಗಿಫ್ಟ್ ಏಡಿಗೆ 4 ವರ್ಷ. ಈ ಎರಡು ಗಡುವನ್ನು ಒಂದೇ ಎಂದುಕೊಂಡು ಸಣ್ಣ ದೇಣಿಗೆಯ ಹಣ ಕಳೆದುಕೊಳ್ಳಬೇಡಿ.

ಗೋಲಕ ತೆರೆಯುವಾಗ ಸಂಬಂಧಿಕರಲ್ಲದ ಇಬ್ಬರಾದರೂ ಇರಲಿ. ಎಣಿಕೆ ಹಾಳೆಯಲ್ಲಿ ದಿನಾಂಕ, ನೋಟು ನಾಣ್ಯದ ವಿಂಗಡಣೆ, ಇಬ್ಬರ ಸಹಿ. 50 ಪೌಂಡಿನ ನೋಟನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಅದು 30ರ ಮಿತಿ ದಾಟಿದ್ದು. ಎಣಿಸಿದ್ದೆಲ್ಲ ಬ್ಯಾಂಕಿಗೆ ಹೋಗಲಿ. ಗೋಲಕದಿಂದಲೇ ತರಕಾರಿಯವನಿಗೆ ಕೊಟ್ಟು ಮಿಕ್ಕದ್ದನ್ನು ಮಾತ್ರ ಕಟ್ಟಿದರೆ ಯೋಜನೆಯ ಷರತ್ತು ಮುರಿದಂತೆ.

---

ಕಿರ್ದಿಪುಸ್ತಕ ಮತ್ತೆ ಬರೆದದ್ದು:

ಇಬ್ಬರಿಗೂ ವಂದನೆ. ವಿಚಾರಿಸಿದೆ. ಶಾಲೆಯ ಸೊಸೈಟಿ ನೋಂದಣಿಯಾಗಿ ಎರಡು ವರ್ಷ ಅಷ್ಟೇ, ಎಫ್‌ಸಿಆರ್‌ಎ ಇಲ್ಲ. ನಮ್ಮ ಗುರುದ್ವಾರದ ಅಧ್ಯಕ್ಷರೇ ಅಲ್ಲಿಯ ಕಾರ್ಯದರ್ಶಿ ಕೂಡ. ಇದು ಅನುಕೂಲವೋ ಅನನುಕೂಲವೋ? ಹಳೇ ಕಂಪ್ಯೂಟರುಗಳನ್ನು ಪೆಟ್ಟಿಗೆ ಕಟ್ಟಿ ಕಳಿಸುವ ಮಾತೂ ಇದೆ.

---

ಗಡಿಯಾಚೆ ಉತ್ತರಿಸಿದ್ದು:

ಅನನುಕೂಲ.

ಪೂರ್ಣ ನೋಂದಣಿಗೆ ಸಂಸ್ಥೆಗೆ 3 ವರ್ಷ ತುಂಬಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ತನ್ನ ಮೂಲ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಆದ್ದರಿಂದ ಈಗ ಅದಾಗದು. ಉಳಿದದ್ದು ಪೂರ್ವಾನುಮತಿ: ನಿರ್ದಿಷ್ಟ ದಾನಿಯಿಂದ, ನಿರ್ದಿಷ್ಟ ಮೊತ್ತ, ನಿರ್ದಿಷ್ಟ ಕೆಲಸಕ್ಕೆ. ಅರ್ಜಿ ನಮೂನೆ ಎಫ್‌ಸಿ-3ಬಿ. ಗುರುದ್ವಾರದ ಲೆಟರ್‌ಹೆಡ್‌ನಲ್ಲಿ ಮೊತ್ತ ಮತ್ತು ಉದ್ದೇಶ ನಮೂದಿಸಿದ ಬದ್ಧತಾ ಪತ್ರ, ಯೋಜನಾ ವರದಿ, ಪದಾಧಿಕಾರಿಗಳ ಆಧಾರ್, ದೆಹಲಿ ಶಾಖೆಯ ಖಾತೆ ಇವು ಬೇಕು. ವಿದೇಶಿ ಪೌರರಾದ ಪದಾಧಿಕಾರಿಯಾದರೆ ಆಧಾರ್ ಬದಲು ಪಾಸ್‌ಪೋರ್ಟ್ ಅಥವಾ ಒಸಿಐ ಪ್ರತಿ.

ನಿಮ್ಮ ಅಧ್ಯಕ್ಷರ ವಿಚಾರ ತೊಡಕಾಗುವುದು ಇಲ್ಲೇ. ದಾನಿ ಸಂಸ್ಥೆಯಲ್ಲೂ ಪಡೆಯುವ ಸಂಸ್ಥೆಯಲ್ಲೂ ಅದೇ ಮುಖಗಳಿದ್ದರೆ ನಿಯಮ ಹೀಗಿದೆ: ಪಡೆಯುವ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕ ದಾನಿ ಸಂಸ್ಥೆಯಲ್ಲಿ ಇರಬಾರದು, ಅದರ ಆಡಳಿತ ಮಂಡಳಿಯ ಕನಿಷ್ಠ ಶೇ. 75 ಮಂದಿ ದಾನಿ ಸಂಸ್ಥೆಯ ಸದಸ್ಯರೋ ನೌಕರರೋ ಆಗಿರಬಾರದು. ನಾಲ್ಕು ಸಂಬಂಧಿಕರನ್ನು ಹೆಸರಿಗೆ ಕೂರಿಸಿ ಮಾಡಿದ ಹಳ್ಳಿ ಸೊಸೈಟಿಗಳು ಇಲ್ಲೇ ಮುಗ್ಗರಿಸುತ್ತವೆ. ಕಾರ್ಯದರ್ಶಿಯೇ ಅಲ್ಲಿ ಮುಖ್ಯ ಕಾರ್ಯನಿರ್ವಾಹಕ ಆಗಿದ್ದರೆ ಎರಡರಲ್ಲೊಂದು ಹುದ್ದೆ ಬಿಡಲಿ, ಅರ್ಜಿ ಹಾಕಿದ ಮೇಲಲ್ಲ, ಮೊದಲು. ಗುರುದ್ವಾರದ ನಡಾವಳಿ ಪುಸ್ತಕದಲ್ಲೂ ಅವರ ಹಿತಾಸಕ್ತಿ ದಾಖಲಾಗಬೇಕು, ಆ ನಿರ್ಣಯದ ವೇಳೆ ಅವರು ಹೊರಗಿರಬೇಕು.

2025ರ ಏಪ್ರಿಲ್‌ನ ಸೂಚನೆಯಂತೆ ಪೂರ್ವಾನುಮತಿ ಸಿಕ್ಕ ದಿನದಿಂದ ಹಣ ಪಡೆಯಲು 3 ವರ್ಷ, ಖರ್ಚು ಮಾಡಲು 4 ವರ್ಷ. ವರ್ಷದ ಲೆಕ್ಕವಿವರ ಸಲ್ಲಿಸುವ ನಮೂನೆ ಎಫ್‌ಸಿ-4, ಹಣಕಾಸು ವರ್ಷ ಮುಗಿದ 9 ತಿಂಗಳೊಳಗೆ, ಅಂದರೆ ಡಿಸೆಂಬರ್ 31.

ಅಷ್ಟು ಕಾಯಲು ಆಗದಿದ್ದರೆ ಆಗಲೇ ನೋಂದಣಿ ಇರುವ, ಸ್ವತಃ ಶಾಲೆ ಕಾಲೇಜು ನಡೆಸುವ ಟ್ರಸ್ಟ್ ಹುಡುಕಿ ಅವರ ಕೆಲಸಕ್ಕೇ ಕೊಡಿ. ದೋಆಬಾದಲ್ಲೇ ಢಾಹಾಂ ಕಲೇರಾಂನಲ್ಲಿ ಕೆನಡಾದಿಂದ ಮರಳಿದ ಬುಧ್ ಸಿಂಗ್ ಢಾಹಾಂ ಕಟ್ಟಿದ ಗುರು ನಾನಕ್ ಮಿಷನ್ ಟ್ರಸ್ಟಿನ ಆಸ್ಪತ್ರೆ, ನರ್ಸಿಂಗ್ ಕಾಲೇಜಿನಂಥ ಮಾದರಿಗಳಿವೆ. ಯಾವ ಸಂಸ್ಥೆಯಾದರೂ ಈಗಿನ ನೋಂದಣಿ ಸ್ಥಿತಿ ನೀವೇ ಪರೀಕ್ಷಿಸಿ. ಆದರೆ ಮನವಿಯಲ್ಲಿ ಈ ಶಾಲೆಯ ಹೆಸರು ಹೇಳಿದ್ದರೆ ದಾನಿಗಳ ಒಪ್ಪಿಗೆಯಿಲ್ಲದೆ ಬೇರೆಡೆ ತಿರುಗಿಸುವಂತಿಲ್ಲ, ತಕ್ಕಡಿಯವರು ಹೇಳಿದ ಆ ಒಂದು ಸಾಲು ಈಗ ಬೆಲೆಬಾಳುತ್ತದೆ.

ಹಳೇ ಕಂಪ್ಯೂಟರ್ ಬೇಡ. ವಸ್ತುರೂಪದ ದೇಣಿಗೆಯೂ ಎಫ್‌ಸಿಆರ್‌ಎ ಒಳಗೇ ಬರುತ್ತದೆ, ಮೇಲೆ ಕಸ್ಟಮ್ಸ್. ಬಂದರಿನಲ್ಲಿ ಕೊಳೆಯುವ ಪೆಟ್ಟಿಗೆಗಿಂತ ಅಲ್ಲೇ ಕೊಂಡ ಹೊಸ ಯಂತ್ರ ಅಗ್ಗ.

ಕಟ್ಟಡಕ್ಕೆ ಹಣ ಹಾಕುವ ಮೊದಲು ಮೂರು ಕಾಗದ ನೋಡಿ. ಜಾಗ ಯಾರ ಹೆಸರಲ್ಲಿದೆ? ಹಳ್ಳಿಯ ಶಾಮ್ಲಾಟ್ ಭೂಮಿಯಾದರೆ, ಅಂದರೆ ನಮ್ಮ ಗೋಮಾಳದಂಥ ಊರೊಟ್ಟಿನ ಜಾಗವಾದರೆ, ಅದು 1961ರ ಪಂಜಾಬ್ ಕಾಯ್ದೆಯಂತೆ ಪಂಚಾಯತಿಗೆ ಸೇರಿದ್ದು, ಬಾಯಿಮಾತಿನ ಒಪ್ಪಿಗೆ ನಡೆಯದು. ಎರಡನೆಯದು ಯುಡೈಸ್ (ಸರ್ಕಾರದ ಶಾಲಾ ಮಾಹಿತಿ ಕೋಶ) ದಾಖಲೆಯಲ್ಲಿರುವ ಮಕ್ಕಳ ದಾಖಲಾತಿ ಸಂಖ್ಯೆ, ಕಳೆದ ಐದು ವರ್ಷದ್ದು. ಜಲಂಧರ, ಕಪುರ್ಥಲಾ, ಹೋಶಿಯಾರ್‌ಪುರ, ನವಾಂಶಹರ್ ಸೀಮೆಯಲ್ಲಿ ಕುಟುಂಬಗಳೇ ಹೊರದೇಶಕ್ಕೆ ಹೋಗುತ್ತಿರುವ ಹಳ್ಳಿಗಳುಂಟು. ಮಕ್ಕಳು ಕಡಿಮೆಯಾಗುವ ಕಡೆ ಅಮೃತಶಿಲೆಯ ಫಲಕದ ಹೊಸ ಕೊಠಡಿ ಯಾರಿಗೆ? ಮೂರನೆಯದು ಎಂಜಿನಿಯರನ ಅಂದಾಜುಪಟ್ಟಿ, ರೂಪಾಯಿಯಲ್ಲಿ. ಪೌಂಡ್ ದರ ಇಳಿದರೆ ಚಾವಣಿ ಅರ್ಧಕ್ಕೇ ನಿಲ್ಲುತ್ತದೆ, ಶೇ. 10 ಕೈಯಲ್ಲಿರಲಿ. ಹಣ ಒಟ್ಟಿಗೆ ಬೇಡ: ಪಾಯ, ಲಿಂಟಲ್, ಚಾವಣಿ, ಪೂರ್ಣ, ಹೀಗೆ ನಾಲ್ಕು ಕಂತು. ಪ್ರತಿ ಕಂತಿಗೂ ಹಿಂದಿನದರ ಬಿಲ್ಲು, ಅಳತೆ, ದಿನಾಂಕವಿರುವ ಫೋಟೊ.

ನನ್ನನ್ನು ಕೇಳಿದರೆ 40,000ದಲ್ಲಿ ಒಂದು ಕೊಠಡಿ, ಹುಡುಗಿಯರ ಶೌಚಾಲಯ, ನೀರು ಇಷ್ಟು ಮಾಡಿ ಉಳಿದದ್ದನ್ನು ವಿಜ್ಞಾನ, ಗಣಿತದ ಟೀಚರ್ ಸಂಬಳಕ್ಕೆ ಮೂರು ನಾಲ್ಕು ವರ್ಷ ಇಡಬೇಕು. ಕಟ್ಟಡಕ್ಕೆ ದಾನಿಗಳು ಸಾಲುಗಟ್ಟುತ್ತಾರೆ, ಸಂಬಳಕ್ಕೆ ಯಾರೂ ಬರುವುದಿಲ್ಲ. ಆಡಳಿತ ವೆಚ್ಚಕ್ಕೆ ಎಫ್‌ಸಿಆರ್‌ಎಯಲ್ಲಿ ಶೇ. 20ರ ಮಿತಿ ಇದೆಯೆಂದು ಸಂಬಳ ಕೊಡಲು ಹೆದರುವವರಿದ್ದಾರೆ. ಶಾಲೆಯ ಶಿಕ್ಷಕರ ಸಂಬಳ ಆಡಳಿತ ವೆಚ್ಚವಲ್ಲ, ಗುಮಾಸ್ತನದ್ದು ಹೌದು. ಸಂಬಳದ ಹಣ ನಿಶ್ಚಿತ ಠೇವಣಿಯಲ್ಲಿರಲಿ, ಷೇರು ಮ್ಯೂಚುವಲ್ ಫಂಡ್ ಕಡೆ ಹೋಗುವಂತಿಲ್ಲ.

---

ಹಳೇಕಾಗದ ಬರೆದದ್ದು:

ಗಡಿಯಾಚೆಯವರ ಸಂಬಳದ ಮಾತಿಗೆ ಒಂದು ಅಡಿಟಿಪ್ಪಣಿ. ಅನಿವಾಸಿ ಸಿಖ್ಖರು ಕಟ್ಟಡ ಬಿಟ್ಟು ಬೇರೇನೂ ನೋಡುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. 1912ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಗುರುದ್ವಾರ ಶುರುವಾದ ಕಾಲಕ್ಕೇ, ಆಲೂಗಡ್ಡೆ ಬೆಳೆದು ಹಣ ಮಾಡಿದ್ದ ಜ್ವಾಲಾ ಸಿಂಗ್ ಮತ್ತು ಸಂಗಡಿಗರು ಗುರು ಗೋಬಿಂದ್ ಸಿಂಗ್ ಹೆಸರಿನಲ್ಲಿ ವಿದ್ಯಾರ್ಥಿವೇತನ ಇಟ್ಟು ಭಾರತದ ಹುಡುಗರನ್ನು ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೆ ಕರೆಸಿದರು. ಜಾತಿ ಧರ್ಮದ ಕಟ್ಟು ಇರಲಿಲ್ಲ. ಫಿರೋಜ್‌ಪುರದಲ್ಲಿ 1892ರಲ್ಲಿ ಭಾಯಿ ತಖ್ತ್ ಸಿಂಗ್ ತೆರೆದ ಸಿಖ್ ಕನ್ಯಾ ಮಹಾವಿದ್ಯಾಲಯಕ್ಕೂ ಅವರು ಮಲಯ ಕಡೆಯ ಸಿಖ್ಖರಲ್ಲಿ ತಿರುಗಿ ಹಣ ಕೂಡಿಸಿದ್ದರು. ಆದಾಯದ ಹತ್ತನೇ ಒಂದು ಪಾಲು ತೆಗೆದಿಡುವ ದಸ್ವಂದ್‌ಗೆ ಇಟ್ಟಿಗೆಯೇ ಆಗಬೇಕೆಂಬ ನಿಯಮವೇನಿಲ್ಲ, ಇದನ್ನು ಸಮಿತಿ ಸಭೆಯಲ್ಲಿ ಹೇಳಿ ನೋಡಿ.

---

ಕಾಗುಣಿತ ಉತ್ತರಿಸಿದ್ದು:

ಜಿಸಿಎಸ್‌ಇ ಪ್ರಶ್ನೆಗೆ.

ಇಂಗ್ಲೆಂಡಿನಲ್ಲಿ ಈ ಪರೀಕ್ಷೆ ನಡೆಸುವುದು ಎಕ್ಯೂಎ ಮಂಡಳಿ, ವಿಷಯ ಸಂಕೇತ 8683. ಕೇಳುವುದು, ಮಾತು, ಓದು, ಬರಹ ನಾಲ್ಕು ಪತ್ರಿಕೆ, ತಲಾ ಶೇ. 25. ಫೌಂಡೇಶನ್, ಹೈಯರ್ ಎಂದು ಎರಡು ಮಟ್ಟ. ನಾಲ್ಕನ್ನೂ ಒಂದೇ ಮಟ್ಟದಲ್ಲಿ ಬರೆಯಬೇಕು, ಮಾತಿಗೆ ಹೈಯರ್, ಬರಹಕ್ಕೆ ಫೌಂಡೇಶನ್ ಎಂದು ಬೆರೆಸುವಂತಿಲ್ಲ. ಮನೆಯಲ್ಲಿ ಪಂಜಾಬಿ ಹರಳು ಹುರಿದಂತೆ ಮಾತಾಡುವ ಮಗುವಿಗೆ ಇದೇ ಬಲೆ: ಬಾಯಿ ಹೈಯರ್, ಕೈ ಫೌಂಡೇಶನ್.

ನಿಜವಾದ ಅಡ್ಡಿ ಪರೀಕ್ಷಾ ಕೇಂದ್ರ. ಗುರುದ್ವಾರ ತಾನೇ ಕೇಂದ್ರವಲ್ಲ. ಮಗು ಓದುವ ಶಾಲೆಯೋ ಖಾಸಗಿ ಅಭ್ಯರ್ಥಿಗಳನ್ನು ತೆಗೆದುಕೊಳ್ಳುವ ಬೇರೆ ಕೇಂದ್ರವೋ ಹೆಸರು ದಾಖಲಿಸಬೇಕು. ಬೇಸಿಗೆ ಪರೀಕ್ಷೆಗೆ ಗಡುವು ಫೆಬ್ರವರಿ 21, ಆಮೇಲೆ ದಂಡ. ಕೇಂದ್ರಗಳು ಹಿಂಜರಿಯುವುದು ಮಾತಿನ ಪರೀಕ್ಷೆಗೆ, ಅದನ್ನು ಕೇಂದ್ರದ ಕಡೆಯವರೇ ನಡೆಸಿ ಧ್ವನಿಮುದ್ರಿಸಿ ಕಳಿಸಬೇಕು, ಅವರಲ್ಲಿ ಪಂಜಾಬಿ ಬಲ್ಲವರಿರುವುದಿಲ್ಲ. ಸೆಪ್ಟೆಂಬರಿನಲ್ಲೇ ಶಾಲೆಯ ಪರೀಕ್ಷಾಧಿಕಾರಿಗೆ ಬರೆದು "ಮಾತಿನ ಪರೀಕ್ಷೆಗೆ ನಮ್ಮ ಶಿಕ್ಷಕರು ನಿಮ್ಮ ಮೇಲ್ವಿಚಾರಣೆಯಲ್ಲಿ ಬರುತ್ತಾರೆ" ಎಂದು ಒಪ್ಪಿಸಿ. ಜನವರಿಯಲ್ಲಿ ಕೇಳಿದರೆ ಇಲ್ಲ ಎಂಬ ಉತ್ತರವೇ ಗತಿ.

ಪಾಠದ ಕಡೆ ಬರೋಣ. ವಾರಕ್ಕೆ 2 ಗಂಟೆ, ವರ್ಷಕ್ಕೆ 36 ವಾರ ಸಿಕ್ಕರೆ 72 ಗಂಟೆ. ಲಿಪಿ ಬಾರದ ಮಗುವಿಗೆ ಹೈಯರ್ ಮಟ್ಟಕ್ಕೆ ಮೂರು ವರ್ಷ ಇಟ್ಟುಕೊಳ್ಳಿ. ವಯಸ್ಸಿನ ಪ್ರಕಾರ ಗುಂಪು ಮಾಡಬೇಡಿ, ಅಕ್ಷರ ಬಲ್ಲವರು, ಕೂಡಿಸಿ ಓದುವವರು, ವಾಕ್ಯ ಬರೆಯುವವರು ಎಂದು ಮಾಡಿ. 14 ವರ್ಷದವನು 7 ವರ್ಷದವಳ ಪಕ್ಕ ಕೂರಲು ಮುಜುಗರಪಡುತ್ತಾನೆ, ಅವನಿಗೆ ಬೇರೆ ಮೇಜು ಕೊಡಿ, ಪಾಠ ಅದೇ ಇರಲಿ.

ಪಂಜಾಬಿಯ ಲಿಪಿ ಗುರುಮುಖಿ ಕಲಿಸುವ ಕ್ರಮ ಕನ್ನಡಿಗರಿಗೆ ಥಟ್ಟನೆ ಹಿಡಿಯುತ್ತದೆ. 35 ಅಕ್ಷರಗಳ ಪೈಂತೀ ಆದ ಮೇಲೆ ಮುಹಾರನೀ ಬರುತ್ತದೆ, ಒಂದೊಂದು ವ್ಯಂಜನಕ್ಕೂ ಮುಕ್ತಾದಿಂದ (ಅ) ಕನೌಡಾವರೆಗೆ (ಔ) ಹತ್ತು ಸ್ವರ ಹಚ್ಚಿ ರಾಗವಾಗಿ ಹೇಳಿಸುವುದು. ನಮ್ಮ ಕಾಗುಣಿತವೇ. ಮಕ್ಕಳು ತಪ್ಪುವುದು ಮೂರು ಕಡೆ. ನಮಗೆ ಸೊನ್ನೆ ಒಂದೇ, ಅವರಿಗೆ ಟಿಪ್ಪಿ, ಬಿಂದಿ ಎರಡು. ವ್ಯಂಜನಕ್ಕೆ ಅ, ಇ, ಉ, ಊ ಸ್ವರವಿದ್ದರೆ ಟಿಪ್ಪಿ, ಉಳಿದವಕ್ಕೆ ಬಿಂದಿ. ಎರಡನೆಯದು ಅಧಕ್. ಒತ್ತಕ್ಷರ ನಾವು ಕೆಳಗೆ ಬರೆಯುತ್ತೇವೆ, ಅಲ್ಲಿ ದ್ವಿತ್ವವಾಗುವ ಅಕ್ಷರಕ್ಕೆ ಮುಂಚೆ, ಮೇಲೆ ಒಂದು ಕೊಕ್ಕೆ. ಮೂರನೆಯದೇ ಕಷ್ಟ: ಘ, ಝ, ಢ, ಧ, ಭ ಪದದ ಮೊದಲಲ್ಲಿ ಬಂದರೆ ಪಂಜಾಬಿಯಲ್ಲಿ ಮಹಾಪ್ರಾಣವಾಗಿ ಕೇಳುವುದಿಲ್ಲ, ದನಿ ತಗ್ಗುತ್ತದೆ. "ಘರ್" ಎಂಬುದು ಕಿವಿಗೆ ತಗ್ಗಿದ "ಕರ್". ಕಿವಿಯಿಂದ ಬರೆಯುವ ಮಗು ಕ ಬರೆಯುತ್ತದೆ. ಇದಕ್ಕೆ ನಿಯಮ ಹೇಳಿ ಫಲವಿಲ್ಲ, ಪದಪಟ್ಟಿ ಮಾಡಿ ವಾರಕ್ಕೆ ಹತ್ತು ಪದ ಉಕ್ತಲೇಖನ ಬರೆಸಿ.

ಗುರ್ಬಾಣಿ (ಸಿಖ್ ಧರ್ಮಗ್ರಂಥದ ವಾಣಿ) ಓದಬಲ್ಲ ಮಗುವಿಗೆ ಜಿಸಿಎಸ್‌ಇ ಸಲೀಸು ಎಂದು ಗುರುದ್ವಾರದಲ್ಲಿ ಗ್ರಂಥ ಓದುವ ಗ್ರಂಥಿಗಳು ಹೇಳುವುದುಂಟು. ಲಿಪಿ ಒಂದೇ, ಭಾಷೆ ಒಂದೇ ಅಲ್ಲ. ಪರೀಕ್ಷೆಯಲ್ಲಿ ಬರುವುದು ಶಾಲೆ, ರಜೆ, ಮೊಬೈಲ್, ಪರಿಸರ. ಹೈಯರ್ ಬರಹದಲ್ಲಿ ಸುಮಾರು 90 ಪದದ ಒಂದು, 150 ಪದದ ಒಂದು, ಜೊತೆಗೆ ಇಂಗ್ಲಿಷಿನಿಂದ ಅನುವಾದ ಇರುತ್ತದೆ. ಎ ಲೆವೆಲ್ (ನಮ್ಮ ಪಿಯುಸಿಯಂಥ ಮುಂದಿನ ಹಂತ) ಬೇಕೆನ್ನುವವರಿಗೆ ಒಂದು ಸಮಾಧಾನ: ಅಲ್ಲಿ ಮಾತಿನ ಪರೀಕ್ಷೆಯೇ ಇಲ್ಲ.

ಮಕ್ಕಳ ಜೊತೆ ನಿಯಮಿತವಾಗಿ ಇರುವವರೆಲ್ಲರಿಗೂ ಡಿಬಿಎಸ್ ತಪಾಸಣೆ (ಅಪರಾಧ ಹಿನ್ನೆಲೆಯ ಸರ್ಕಾರಿ ಪರಿಶೀಲನೆ) ಮಾಡಿಸಿ. ಸ್ವಯಂಸೇವಕರಿಗೆ ಸರ್ಕಾರಿ ಶುಲ್ಕವಿಲ್ಲ, ಮಧ್ಯವರ್ತಿ ಸಂಸ್ಥೆಯ ಶುಲ್ಕ ಇರಬಹುದು.

---

ದೊಡ್ಡಒಲೆ ಉತ್ತರಿಸಿದ್ದು:

ಬೀದರಿನ ನಾನಕ್ ಝೀರಾ ಗುರುದ್ವಾರದಲ್ಲಿ ಕೂತು ಉಂಡವರಿಗೆ ಲಂಗರ್ ಗೊತ್ತು. ವ್ಯಾನಿನ ಲಂಗರ್ ಬೇರೆಯೇ ಪ್ರಾಣಿ, ಅಡುಗೆಗೂ ಊಟಕ್ಕೂ ನಡುವೆ ಹೊತ್ತು ಕಳೆಯುತ್ತದೆ.

ನಿಯಮಿತವಾಗಿ ಹಂಚುವುದಾದರೆ ಸ್ಥಳೀಯ ಕೌನ್ಸಿಲಿನಲ್ಲಿ ಆಹಾರ ಘಟಕವಾಗಿ ಶುರುವಿಗೆ 28 ದಿನ ಮೊದಲು ನೋಂದಣಿ ಮಾಡಿಸಿ, ಹಣವೇನಿಲ್ಲ. ಗುರುದ್ವಾರದ ಅಡುಗೆಮನೆ ಆಗಲೇ ನೋಂದಣಿಯಾಗಿದ್ದರೂ ವ್ಯಾನಿನ ವಿಚಾರ ತಿಳಿಸಿ.

ನೂರು ಜನಕ್ಕೆ ಒಣ ಬೇಳೆ 4.5 ಕಿಲೊ, ಅಕ್ಕಿ 7 ಕಿಲೊ. ಬೇಯಿಸಿದ ದಾಲ್ ಸುಮಾರು 25 ಲೀಟರ್. ರೊಟ್ಟಿ ಬೇಡ, ಮುಚ್ಚಿಟ್ಟರೆ ಒದ್ದೆ, ತೆರೆದಿಟ್ಟರೆ ಚಕ್ಕಳ. ದಾಲನ್ನು ಕುದಿಯುವಾಗಲೇ ಶಾಖ ಹಿಡಿಯುವ ಡಬ್ಬಕ್ಕೆ ತುಂಬಿ. ಡಬ್ಬಕ್ಕೆ ಮೊದಲು ಕುದಿನೀರು ಹಾಕಿ ಹತ್ತು ನಿಮಿಷ ಬಿಟ್ಟು ಚೆಲ್ಲಿ, ಇಲ್ಲದಿದ್ದರೆ ತಣ್ಣಗಿನ ಡಬ್ಬವೇ ಶಾಖ ಕುಡಿಯುತ್ತದೆ. ಒಳಭಾಗ 70 ಡಿಗ್ರಿಯಲ್ಲಿ 2 ನಿಮಿಷ ಬೆಂದಿರಬೇಕು, ಬಡಿಸುವ ತನಕ 63 ಡಿಗ್ರಿಗಿಂತ ಇಳಿಯಬಾರದು. ಇಳಿದರೆ ಒಂದೇ ಸಲ, ಅದೂ 2 ಗಂಟೆ ಮಾತ್ರ ಅವಕಾಶ, ಆಮೇಲೆ ಚೆಲ್ಲಿ. ಅಡುಗೆ ಹೊರಟಾಗ, ಬಡಿಸಲು ಶುರು ಮಾಡಿದಾಗ, ಮುಗಿದಾಗ ಮೂರು ಸಲ ಥರ್ಮಾಮೀಟರ್ ಚುಚ್ಚಿ ಬರೆದಿಡಿ.

ಅಪಾಯ ದಾಲಿಗಿಂತ ಅನ್ನಕ್ಕೆ ಹೆಚ್ಚು. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಸಾಯುವುದಿಲ್ಲ, ಉಗುರುಬೆಚ್ಚಗೆ ಕೂತ ಅನ್ನದಲ್ಲಿ ವಿಷ ಹುಟ್ಟಿಸುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಬೆಳಿಗ್ಗೆಯ ಲಂಗರಿನಲ್ಲಿ ಮಿಕ್ಕ ಅನ್ನವನ್ನು ಸಂಜೆ ವ್ಯಾನಿಗೆ ಏರಿಸುವುದು ನಿಲ್ಲಬೇಕು, "ಪ್ರಸಾದ, ಚೆಲ್ಲಬಾರದು" ಎಂಬ ಹಿರಿಯರ ಮಾತಿಗೆ ಉತ್ತರ ಕಡಿಮೆ ಬೇಯಿಸುವುದು.

ಮುಂಚೆಯೇ ಡಬ್ಬಿಗಳಿಗೆ ತುಂಬಿ ಒಯ್ದರೆ ಪ್ರತಿ ಡಬ್ಬಿಗೂ ಹೆಸರು, ಪದಾರ್ಥಪಟ್ಟಿ, ಅಲರ್ಜಿಯವು ದಪ್ಪಕ್ಷರದಲ್ಲಿ ಇರುವ ಚೀಟಿ ಬೇಕು, 2021ರ ಅಕ್ಟೋಬರಿನಿಂದ ಈ ನಿಯಮ. ಸ್ಥಳದಲ್ಲೇ ಬಡಿಸಿದರೆ ಚೀಟಿ ಬೇಡ, ಆದರೂ ಕೇಳಿದರೆ 14 ಅಲರ್ಜಿ ಪದಾರ್ಥಗಳ ಬಗ್ಗೆ ಸರಿಯಾದ ಉತ್ತರ ಕೊಡಬೇಕು. ತುಪ್ಪ ಎಂದರೆ ಹಾಲು, ಒಗ್ಗರಣೆಯ ಸಾಸಿವೆ ಪಟ್ಟಿಯಲ್ಲಿದೆ.

---

ಕಿರ್ದಿಪುಸ್ತಕ ಮತ್ತೆ ಬರೆದದ್ದು:

ಡೀಡ್ ತೆಗೆಸುತ್ತೇನೆ, ಅಧ್ಯಕ್ಷರ ಹತ್ತಿರ ಹುದ್ದೆ ಬಿಡುವ ಮಾತು ಎತ್ತುವುದೇ ಕಷ್ಟ. ದೊಡ್ಡಒಲೆಯವರೇ, ಬರೀ ದಾಲ್ ಅನ್ನ ಆದರೆ ಗೋಧಿ ಇಲ್ಲ ಎಂದು ಬರೆಯಬಹುದಲ್ಲವೇ?

---

ದೊಡ್ಡಒಲೆ ಉತ್ತರಿಸಿದ್ದು:

ಇಂಗಿನ ಡಬ್ಬಿ ತಿರುಗಿಸಿ ಓದಿ. ಅಂಗಡಿಯ ಪುಡಿ ಇಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಕ್ಕಿ ಹಿಟ್ಟಿನ ಇಂಗು ಸಿಕ್ಕರೆ ತನ್ನಿ, ಸಿಗದಿದ್ದರೆ ಇಂಗು ಬಿಟ್ಟು ಜೀರಿಗೆ ಹಾಕಿ. ಅದೇ ಅಡುಗೆಮನೆಯಲ್ಲಿ ರೊಟ್ಟಿ ಲಟ್ಟಿಸುತ್ತಿದ್ದರೆ ಹಿಟ್ಟು ಗಾಳಿಯಲ್ಲೇ ಹಾರಾಡುತ್ತಿರುತ್ತದೆ, ಆಗಂತೂ "ಗೋಧಿ ಇಲ್ಲ" ಎಂದು ಬರೆಯಲೇಬೇಡಿ.